ಅರ್ಥದ ಶ್ರೀಶೈಲಪ್ಪ

ಮೋರಟಗಿಯಲ್ಲಿ ಶ್ರೀಶೈಲಪ್ಪ ಎಂಬ ಹೆಸರಿನವರು ಬೇಕಾದಷ್ಟು ಜನ ಇದ್ದಾರೆ. ಆದರೆ ಬಸ್ಸಿನಿಂದ ಇಳಿದು "ಅರ್ಥದ ಶ್ರೀಶೈಲಪ್ಪನ ಮನಿ ಯಾವ ಕಡೆರಿ?" ಎಂದು ಕೇಳಿದರೆ ಚಹದಂಗಡಿಯವನು ತಲೆ ಎತ್ತದೆಯೇ ಕೈ ತೋರಿಸುತ್ತಾನೆ. "ಪುರಸೊತ್ತು ಇಟಗೊಂಡು ಹೋಗ್ರಿ" ಎಂದೂ ಸೇರಿಸುತ್ತಾನೆ. ಮುದ್ದೇಬಿಹಾಳದವಳಾದ ನಾನು ಈ ಊರಿನ ಸರಕಾರಿ ಶಾಲೆಗೆ ಶಿಕ್ಷಕಿಯಾಗಿ ಬಂದಾಗ ಯಾರನ್ನೂ ಏನೂ ಕೇಳದೆ ಅವರ ಮನೆಯ ಮುಂದಿನ ಖೋಲಿಯನ್ನು ಬಾಡಿಗೆಗೆ ಹಿಡಿದುಬಿಟ್ಟೆ. ತಪ್ಪು ನನ್ನದೇ.

ಮೊದಲ ದಿನವೇ ಅವರು ನನಗೆ ನಳದ ಅರ್ಥ ಹೇಳಿದರು.

"ನಳ ಅಂದ್ರ ಏನಪಾ ಅಂದ್ರ, ಅಕ್ಕೋರ, ಎಡಕ್ಕ ತಿರುವಿದ್ರ ನೀರು, ಬಲಕ್ಕ ತಿರುವಿದ್ರ ಬಂದ್. ಅಂದ್ರ ಮನಷ್ಯಾನ ಮನಸ್ಸೂ ಹಂಗ. ತಿರುವೂದು ನಮ್ಮ ಕೈಯಾಗ ಐತಿ."

ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಅವತ್ತು ಸುಮ್ಮನೆ ಕೊಡ ತುಂಬಿಕೊಂಡೆ. ಅರವತ್ತು ದಾಟಿದ ಹಿರಿಯರು, ಮನೆಯ ಯಜಮಾನರು, ಬಿಳಿ ಧೋತರ, ಹೆಗಲಿಗೆ ಟಾವೆಲು. ಆ ಟಾವೆಲು ಒಂದು ಹೆಗಲ ಮೇಲೆ ನಿಂತಿದ್ದನ್ನು ನಾನು ನೋಡಿಲ್ಲ. ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ, ಮಾತು ನಡೆದಷ್ಟು ಹೊತ್ತು ಅದಕ್ಕೂ ತಿರುಗಾಟ. ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಅವರು ಕೂತಲ್ಲಿ ಕೂರುವವರಲ್ಲ. ರೊಟ್ಟಿಯನ್ನೂ ನಿಂತೇ ತಿನ್ನುತ್ತಾರೆ. ಯಾರ ಜೊತೆ ಹೊರಟರೂ ನಾಲ್ಕು ಹೆಜ್ಜೆ ಮುಂದಿದ್ದು, ಹಿಂದೆ ತಿರುಗಿ ಮಾತಾಡುತ್ತಾ ಹೋಗುತ್ತಾರೆ. ಸಿಂದಗಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತನಿಗೆ ಕಿಟಕಿಯಾಚೆಯ ತೊಗರಿ ಹೊಲದ ಅರ್ಥ ಹೇಳುತ್ತಾರೆ. ಜೋಕು ಹೇಳಿದರೆ ಎಲ್ಲರೂ ನಗುವ ಮೊದಲೇ ಯಾಕೆ ನಗಬೇಕು ಎಂದು ಬಿಡಿಸಿ ಹೇಳುತ್ತಾರೆ. ಆಮೇಲೆ ಯಾರೂ ನಗುವುದಿಲ್ಲ.

ಇದು ಬರೀ ಚಟವಲ್ಲ. ಊರು ಕೊಟ್ಟ ಹುದ್ದೆ. ನಮ್ಮ ಕಡೆ ಶ್ರಾವಣ ಬಂದರೆ ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಅದಕ್ಕೆ ಇಬ್ಬರು ಬೇಕು. ಒಬ್ಬರು ಪುಸ್ತಕ ಮುಂದಿಟ್ಟುಕೊಂಡು ಪದ್ಯವನ್ನು ರಾಗವಾಗಿ ಓದುವವರು, ಇನ್ನೊಬ್ಬರು ಅದರ ಅರ್ಥ ಹೇಳುವವರು. ಓದುವವರು ಅರ್ಥದ ತಂಟೆಗೆ ಹೋಗುವುದಿಲ್ಲ, ಅರ್ಥ ಹೇಳುವವರು ಪುಸ್ತಕ ಮುಟ್ಟುವುದಿಲ್ಲ. ಮೋರಟಗಿಯ ಗುಡಿಯಲ್ಲಿ ಓದುವವರು ಬೀರಣ್ಣ. ಅವರ ಧ್ವನಿ ಏರಿದರೆ ಓಣಿಯ ಹೆಣ್ಣುಮಕ್ಕಳು ಒಲೆ ಆರಿಸಿ ಬರುತ್ತಾರೆ. ಒಮ್ಮೆ ನಾನು ಅವರನ್ನು ಈ ಪದ್ಯದಲ್ಲಿ ಏನಿದೆ ಎಂದು ಕೇಳಿದೆ. "ಅದು ನನ್ನ ಕೆಲಸ ಅಲ್ರಿ" ಎಂದರು, ಸಂಕೋಚ ಇಲ್ಲದೆ, ಸ್ವಲ್ಪ ಹೆಮ್ಮೆಯಿಂದಲೇ. ಅರ್ಥ ಹೇಳುವವರು ಶ್ರೀಶೈಲಪ್ಪ. ಅವರ ಅಪ್ಪನೂ ಅದನ್ನೇ ಮಾಡುತ್ತಿದ್ದರಂತೆ. ಮಗ ಪಕ್ಕದಲ್ಲಿ ಕೂತು ಕಿವಿಯಿಂದಲೇ ಎಲ್ಲ ಕಲಿತದ್ದು. ಬೀರಣ್ಣ ಒಂದು ನುಡಿ ಓದಿ ನಿಲ್ಲಿಸಿದರೆ ಸಾಕು, "ಅಂದ್ರ ಏನಪಾ ಅಂದ್ರ" ಎಂದು ಇವರು ಎದ್ದು ನಿಲ್ಲುತ್ತಾರೆ. ಜನ ಅಳುತ್ತಾರೆ, ನಗುತ್ತಾರೆ. ಚೆನ್ನಾಗಿಯೇ ಹೇಳುತ್ತಾರೆ, ಸುಳ್ಳು ಯಾಕೆ ಹೇಳಲಿ.

ಈ ಮನೆಯಲ್ಲಿ ಒಂದು ಹುಡುಗಿ ಇದ್ದಾಳೆ. ಶ್ರೀಶೈಲಪ್ಪನವರ ಮಗನ ಮಗಳು ಭುವನೇಶ್ವರಿ, ಎಲ್ಲರ ಬಾಯಲ್ಲಿ ಭುವ್ವಿ. ನನ್ನದೇ ಐದನೆಯ ತರಗತಿ. ಅವಳು ಓದಿದರೆ ಕೇಳಬೇಕು. ತಡವರಿಕೆ ಇಲ್ಲ, ಒತ್ತಕ್ಷರದಲ್ಲಿ ಎಡವುವುದಿಲ್ಲ. ಪ್ರಾರ್ಥನೆಯ ಹೊತ್ತಿಗೆ ಪೇಪರಿನ ಸುದ್ದಿ ಓದುವವಳು ಅವಳೇ. ದಿನಾ ಸಂಜೆ ಮನೆಯ ಕಟ್ಟೆಯ ಮೇಲೆ ಅಜ್ಜ ಮೊಮ್ಮಗಳ ಪಾಠ. ಇವಳು ಒಂದು ವಾಕ್ಯ ಓದುವುದು, ಅವರು ಅತ್ತಿಂದಿತ್ತ ತಿರುಗಾಡುತ್ತಾ ಅದರ ಅರ್ಥ ಹೇಳುವುದು. ಹೋಗಿ ಬರುವವರು ನಿಂತು ಕೇಳಿ, "ಶ್ಯಾಣೆ ಆಗ್ಯಾಳ ಬಿಡು ಹುಡುಗಿ" ಎಂದು ಹೋಗುತ್ತಿದ್ದರು. ನಾನೂ ಖೋಲಿಯೊಳಗಿಂದ ಕೇಳಿ ಹಾಗೆಯೇ ಅಂದುಕೊಂಡಿದ್ದೆ.

ಒಂದು ದಿನ ತರಗತಿಯಲ್ಲಿ ಪಠ್ಯಪುಸ್ತಕದಲ್ಲಿಲ್ಲದ ಸಣ್ಣ ಕತೆಯೊಂದನ್ನು ಎಲ್ಲರ ಕೈಗೆ ಕೊಟ್ಟು, ಮನಸ್ಸಿನಲ್ಲೇ ಓದಿ ಏನಾಯಿತು ಹೇಳಿ ಎಂದೆ. ತಡವರಿಸಿ ಓದುವ ಹುಡುಗರು ಕೂಡ ಏನೋ ಒಂದು ಹೇಳಿದರು. ಭುವ್ವಿ ಎದ್ದು ನಿಂತು ನನ್ನ ಮುಖ ನೋಡಿದಳು.

"ಓದೇನ್ರಿ."

"ಓದಿದ್ರ ಹೇಳು. ಏನೈತಿ ಅದರಾಗ?"

"ಅರ್ಥ ಹೇಳೋರು ಬಂದಿಲ್ರಿ."

ತರಗತಿ ಗೊಳ್ಳೆಂದಿತು. ಅವಳಿಗೆ ಮಾತ್ರ ನಗುವುದಕ್ಕೇನಿದೆ ಎಂದು ತಿಳಿಯಲಿಲ್ಲ. "ನಾ ಓದಾಕಿರಿ. ಅರ್ಥ ಹೇಳಾಂವ ನಮ್ಮ ಮುತ್ಯಾ" ಎಂದು ಬಿಡಿಸಿ ಹೇಳಿದಳು. ಅವತ್ತೇ ಅವಳ ಹಳೆಯ ಉತ್ತರಪತ್ರಿಕೆಗಳನ್ನು ತೆಗೆದು ನೋಡಿದೆ. ಪುಸ್ತಕದೊಳಗಿನ ಪ್ರಶ್ನೆಗಳಿಗೆ ಎಲ್ಲ ಸರಿ ಉತ್ತರ, ಬಾಯಿಪಾಠ. ಸ್ವಂತ ಬರೆಯಬೇಕಾದ ಕಡೆಯಲ್ಲೆಲ್ಲ ಒಂದೇ ಸಾಲು: ಅತಿ ಆಸೆ ಗತಿಗೇಡು. ಮಳೆನೀರು ಹಿಡಿದಿಡುವ ಪಾಠಕ್ಕೂ ಅತಿ ಆಸೆ ಗತಿಗೇಡು, ಅಂಚೆಯಣ್ಣನ ಪಾಠಕ್ಕೂ ಅತಿ ಆಸೆ ಗತಿಗೇಡು. ಅಜ್ಜನ ಅರ್ಥವೆಲ್ಲ ಕೊನೆಗೆ ಹೋಗಿ ನಿಲ್ಲುವ ಊರು ಅದೇ ಆಗಿತ್ತು.

ಬೇರೆ ವರ್ಷವಾಗಿದ್ದರೆ ನಿಧಾನಕ್ಕೆ ನೋಡೋಣ ಎನ್ನಬಹುದಿತ್ತು. ಆದರೆ ಫೆಬ್ರುವರಿಯಲ್ಲಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಇತ್ತು. ಇಂಡಿ ಕಡೆಯ ಒಂದು ವಸತಿ ಶಾಲೆ. ಸಿಕ್ಕರೆ ಆರನೆಯದರಿಂದ ಹತ್ತನೆಯದರ ತನಕ ಅಲ್ಲೇ ಇದ್ದು ಓದುವುದು, ಸೂಟಿಗೆ ಮಾತ್ರ ಮನೆ. ಭುವ್ವಿಯ ತಾಯಿ ವಿಜಯಲಕ್ಷ್ಮಿ ಆ ಪರೀಕ್ಷೆಯ ಮೇಲೆ ಜೀವ ಇಟ್ಟುಕೊಂಡಿದ್ದಳು. ಅವಳನ್ನು ಏಳನೆಯದಕ್ಕೇ ಶಾಲೆ ಬಿಡಿಸಿದ್ದರು. "ನನ್ನಂಗ ಆಗಬಾರದ್ರಿ ಅಕ್ಕೋರ" ಎಂದು ಹಿಟ್ಟು ನಾದುತ್ತಾ ಎಷ್ಟು ಸಲ ಹೇಳಿದ್ದಾಳೋ. ಶ್ರೀಶೈಲಪ್ಪನವರಂತೂ ಮೊಮ್ಮಗಳಿಗೆ ಸೀಟು ಸಿಕ್ಕೇಬಿಟ್ಟಿತು ಎಂಬಂತೆ ಆಲಮೇಲದ ತನಕ ಸುದ್ದಿ ಮುಟ್ಟಿಸಿದ್ದರು. ಆ ಪರೀಕ್ಷೆಯಲ್ಲಿ ಎಂದೂ ಕಾಣದ ಒಂದು ಗದ್ಯ ಕೊಡುತ್ತಾರೆ. ಓದಿ, ನಾಲ್ಕು ಉತ್ತರಗಳಲ್ಲಿ ಸರಿಯಾದದ್ದು ಆರಿಸಬೇಕು. ಅಲ್ಲಿ ಮುತ್ಯಾನನ್ನು ಒಳಗೆ ಬಿಡುವುದಿಲ್ಲ.

ಸಂಜೆ ಕಟ್ಟೆಗೆ ಹೋಗಿ ನೇರವಾಗಿ ಹೇಳಿದೆ. ಅವರು ಸಿಡಿದೆದ್ದರು.

"ನನ್ನ ಮೊಮ್ಮಗಳಿಗೆ ಓದಾಕ ಬರಂಗಿಲ್ಲಂತೀರೇನು? ಇಡೀ ಊರು ಕೇಳೇತಿ ಆಕಿ ಓದೂದು!"

"ಓದಾಕ ಬರ್ತೈತ್ರಿ. ತಿಳಕೊಳ್ಳಾಕ ಬರಂಗಿಲ್ಲ."

"ತಿಳಿಸಾಕ ನಾ ಅದೀನಲ್ಲ!"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ವಾದ ಮಾಡಿ ಏನು ಪ್ರಯೋಜನ? ಒಂದು ಹೊಸ ಪುಟ ಭುವ್ವಿಯ ಕೈಗೆ ಕೊಟ್ಟೆ. "ಈ ಒಂದು ಪುಟ ಮುಗಿಯೂತನಾ ನೀವು ಬಾಯಿ ತೆರೀಬ್ಯಾಡ್ರಿ" ಎಂದು ಅವರಿಗೆ ಕೈ ಮುಗಿದೆ. ಭುವ್ವಿ ಶುರು ಮಾಡಿದಳು. ಒಂದು ವಾಕ್ಯ ಓದಿದಳು, ನಿಂತಳು, ಕಣ್ಣೆತ್ತಿ ಅಜ್ಜನನ್ನು ನೋಡಿದಳು. ಅವರ ತುಟಿ ಅಲುಗಿತು, ಟಾವೆಲು ಹೆಗಲು ಬದಲಿಸಿತು. ಇನ್ನೊಂದು ವಾಕ್ಯ. ಮತ್ತೆ ನಿಂತಳು, ಮತ್ತೆ ನೋಡಿದಳು. ಪ್ರತಿ ಪೂರ್ಣವಿರಾಮಕ್ಕೂ ಹಾಗೇ. ಪುಟ ಮುಗಿದಾಗ ಏನಿದೆ ಇದರಲ್ಲಿ ಎಂದು ಕೇಳಿದೆ.

"ನೀ ಹೇಳು ಮುತ್ಯಾ" ಎಂದಳು.

ಅಷ್ಟು ಹೊತ್ತೂ ತಿರುಗಾಡುತ್ತಿದ್ದ ಮನುಷ್ಯ ಕಟ್ಟೆಯ ಮೇಲೆ ಕುಸಿದು ಕೂತರು. ಆ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಮರುದಿನದಿಂದ ಸುಮ್ಮನಿರುವ ಪ್ರಯತ್ನ ಶುರುವಾಯಿತು. ಅವರ ಮಟ್ಟಿಗೆ ಅದು ಉಪವಾಸಕ್ಕಿಂತ ಕಷ್ಟ. ಭುವ್ವಿ ಪುಸ್ತಕ ತೆರೆದ ಕೂಡಲೇ ಬಾಯಿ ತುಂಬ ಎಲೆ ಅಡಿಕೆ ತುಂಬಿಕೊಂಡು ಕೂರುವುದು. ಒಂದು ಪುಟ ದಾಟುವ ಮೊದಲೇ ಎದ್ದು ಹೋಗಿ ಉಗುಳಿ, "ಅಂದ್ರ ಏನಪಾ ಅಂದ್ರ" ಎಂದು ವಾಪಸ್ಸು ಬರುವುದು. ನಾನು ಗದರಿದರೆ ಮುಖ ಬಾಡಿಸಿಕೊಂಡು ಮತ್ತೆ ಎಲೆಗೆ ಸುಣ್ಣ ಹಚ್ಚುವುದು. ಮನೆಯೊಳಗೆ ಇದ್ದರೆ ತಡೆಯಲಾಗುವುದಿಲ್ಲ ಎಂದು ಅವರನ್ನು ಹೊರಗೆ ಕಳಿಸಿದೆ. ಓಣಿಯ ಕೊನೆಗೆ ಯಾಕೂಬಸಾಬರ ಟೇಲರ್ ಅಂಗಡಿ. ಇವರ ಬಾಲ್ಯದ ಗೆಳೆಯರು. ಅಲ್ಲಿ ಹೋಗಿ ಕೂತರೂ ಕೂರಲಾರರು. ಕಾಲಲ್ಲಿ ಇರುವೆ ಬಿಟ್ಟುಕೊಂಡವರ ಹಾಗೆ ಎದ್ದು ಬಾಗಿಲಿಗೆ ಬರುವುದು, ಮನೆಯ ಕಡೆ ಕತ್ತು ಚಾಚುವುದು, ಒಳಗೆ ಹೋಗುವುದು. ಯಾಕೂಬಸಾಬರು ಮಷಿನ್ನು ನಿಲ್ಲಿಸಿ ಹೇಳಿದ್ದನ್ನು ನಾನೇ ಕೇಳಿದ್ದೇನೆ.

"ಯಪ್ಪಾ ಶ್ರೀಶೈಲ, ನಿನ್ನ ಬಾಯಿಗೆ ಒಂದು ಕಾಜ ಹೊಲದು ಗುಂಡಿ ಹಚ್ಚಿ ಕೊಡಲೇನು? ಊಟಕ್ಕ ತಗಿ, ಉಳದ ಹೊತ್ತು ಹಾಕ್ಕೋ."

ಇತ್ತ ಭುವ್ವಿಯ ಪಾಡೂ ಸುಖದ್ದಲ್ಲ. ಮನಸ್ಸಿನಲ್ಲಿ ಓದು ಎಂದರೆ ತುಟಿ ಅಲುಗಿಸುತ್ತಿದ್ದಳು. ತುಟಿ ಮುಚ್ಚು ಎಂದರೆ ಕಣ್ಣು ನಿಂತುಬಿಡುತ್ತಿತ್ತು. ನಾನು ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿದೆ. ಓದಿದ್ದನ್ನು ಚಿತ್ರ ಬರೆ ಎಂದೆ, ಮುಂದೇನಾಗಬಹುದು ಊಹಿಸು ಎಂದೆ, ಯಾರು, ಎಲ್ಲಿ, ಯಾಕೆ ಎಂದು ಪ್ರಶ್ನೆ ಕೇಳಿದೆ. ಅವಳು ನನ್ನ ಮುಖದಲ್ಲೇ ಉತ್ತರ ಹುಡುಕುತ್ತಿದ್ದಳೇ ಹೊರತು ಪುಟದಲ್ಲಿ ಅಲ್ಲ. ನನ್ನ ಹುಬ್ಬು ಏರಿದರೆ ಉತ್ತರ ಬದಲಿಸುವಳು. ಒಂದು ಮಧ್ಯಾಹ್ನ ಪುಸ್ತಕ ಮುಚ್ಚಿ ಬಿಕ್ಕಿ ಬಿಕ್ಕಿ ಅತ್ತಳು.

"ಸುಮ್ಕ ಓದಿದ್ರ ಒಳಗ ಯಾರೂ ಮಾತಾಡವಲ್ರಿ ಅಕ್ಕೋರ."

ದೀಪಾವಳಿ ಕಳೆದಿತ್ತು. ಫೆಬ್ರುವರಿ ಹತ್ತಿರ ಬರುತ್ತಿತ್ತು.

ದಾರಿ ಸಿಕ್ಕಿದ್ದು ನನ್ನ ಜಾಣತನದಿಂದ ಅಲ್ಲ. ಶ್ರೀಶೈಲಪ್ಪನವರು ಎತ್ತು ನೋಡಲೆಂದು ದೇವರ ಹಿಪ್ಪರಗಿ ಸಂತೆಗೆ ಹೋಗಿದ್ದರು. ಎತ್ತು ಸಿಗಲಿಲ್ಲ. ಆದರೆ ಬಾಯಿ ತುಂಬ ಮಾತಾಡಿ ಹಗುರಾಗಿ ಸಂಜೆ ಬಂದು ಕೈಕಾಲು ತೊಳೆಯುತ್ತಿದ್ದರು. ಭುವ್ವಿ ಬಾಗಿಲಲ್ಲಿ ನಿಂತಿದ್ದಳು. ಹಿಂದಿನ ದಿನ ನಾನು ಕೊಟ್ಟ ಪುಸ್ತಕ ಕೈಯಲ್ಲಿತ್ತು.

"ಏನ್ ಓದಿದಿ ಇವತ್ತ?" ಎಂದು ಅವರು ಮುಖ ಒರೆಸುತ್ತಾ ಕೇಳಿದರು, ಸಹಜವಾಗಿ.

"ಒಂದು ಹುಡುಗಿ ನಗಾರಿ ಒಳಗ ಹೊಕ್ಕು ಕುಂತ್ಲು."

"ನಗಾರಿ ಒಳಗ? ಯಾಕ?"

ಭುವ್ವಿ ಅಜ್ಜನ ಮುಖ ನೋಡಿದಳು. ಅಜ್ಜ ಟಾವೆಲು ಇಳಿಸಿ ನಿಂತರು. ಅವರಿಗೆ ಆ ಕತೆ ಗೊತ್ತಿರಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ. "ಯಾಕಬೇ? ಯಾರರ ಹೊಡಿಯಾಕ ಬಂದಿದ್ರೇನು?" ಎಂದರು. ಹುಡುಗಿ ಒಳಗೆ ಓಡಿದಳು. ದೀಪದ ಕೆಳಗೆ ಪುಟ ತಿರುವಿದಳು. ಓಡಿ ಬಂದಳು.

"ಹೊಡಿಯಾಕಲ್ಲ. ಆಕೀ ಅಕ್ಕನ ಮದುವಿ. ಅಕ್ಕ ಹೋಗಬಾರದು ಅಂತ."

"ಅಕ್ಕ ಹೋಗೂದಕ್ಕೂ ನಗಾರಿಗೂ ಏನ್ ಸಂಬಂಧ?"

ಮತ್ತೆ ಓಡಿದಳು. ಮತ್ತೆ ಬಂದಳು. "ನಗಾರಿ ಬಾರಿಸದ ಹೊರತು ಮೆರವಣಿಗಿ ಹೊಂಡಂಗಿಲ್ಲಂತ!" ಹೀಗೆ ಪುಸ್ತಕಕ್ಕೂ ಅಜ್ಜನಿಗೂ ನಡುವೆ ಎಷ್ಟು ಸಲ ಓಡಾಡಿದಳೋ. ವಿಜಯಲಕ್ಷ್ಮಿ ಒಲೆಯ ಮುಂದೆ ರೊಟ್ಟಿ ಸುಡುವುದನ್ನು ಮರೆತು ನೋಡುತ್ತಿದ್ದಳು. ನಾನು ಖೋಲಿಯ ಬಾಗಿಲಲ್ಲಿ ನಿಂತು ನನ್ನನ್ನೇ ಬೈದುಕೊಂಡೆ. ನಾನು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ನನ್ನ ಹತ್ತಿರ ಮೊದಲೇ ಇರುತ್ತಿತ್ತು. ಮಕ್ಕಳಿಗೆ ಅದರ ವಾಸನೆ ಬಡಿಯುತ್ತದೆ. ಗೊತ್ತಿದ್ದವರಿಗೆ ಮತ್ತೆ ಯಾಕೆ ಹೇಳಬೇಕು? ಈ ಮನುಷ್ಯನಿಗೆ ಗೊತ್ತಿರಲಿಲ್ಲ, ತಿಳಿಯದೆ ಜೀವ ತಡೆಯುತ್ತಿರಲಿಲ್ಲ. ಅದಕ್ಕೆ ಹುಡುಗಿ ಓಡಿದಳು.

ಅಲ್ಲಿಂದ ಒಂದು ರೂಢಿ ಬಿತ್ತು. ಅಜ್ಜ ಎಂದೂ ಕೇಳಿರದ ಕತೆಯನ್ನೇ ನಾನು ಹುಡುಕಿ ಸಿಂದಗಿಯಿಂದ ತರುವುದು. ಓದುವ ಹೊತ್ತಿನಲ್ಲಿ ಅಜ್ಜ ಮನೆ ಬಿಟ್ಟು ಯಾಕೂಬಸಾಬರಲ್ಲಿಗೆ ಹೋಗುವುದು. ಬಂದ ಮೇಲೆ ಅವಳು ಹೇಳುವುದು, ಅವರು ಕೇಳುವುದು. ಬೇಕಾದರೆ ನೀವೇ ಓದಿ ನೋಡಿ ಎಂದು ಒಮ್ಮೆ ಪುಸ್ತಕ ಅವರ ಕೈಗೆ ಕೊಟ್ಟೆ. ಅತ್ತಿಂದಿತ್ತ ತಿರುಗಿಸಿ ವಾಪಸ್ಸು ಕೊಟ್ಟರು. "ಯಾರರ ಓದಿದ್ರ ತಿಳೀತೈತ್ರಿ. ನಾ ಒಬ್ಬನ ಕುಂತು ಓದಿದ ರೂಢಿ ಇಲ್ಲ" ಎಂದರು.

ಕೇಳುವುದೂ ಅವರಿಗೆ ಸುಲಭವಾಗಲಿಲ್ಲ. ಕತೆಯ ಅರ್ಧದಲ್ಲೇ ಬಾಯಿ ಹಾಕಿ ಕೊನೆ ತಾವೇ ಮುಗಿಸುವರು. "ಗೊತ್ತಾತು ಬಿಡು, ಆ ಸಾಹುಕಾರ ಬಾವಿಗೆ ಬೀಳ್ತಾನ. ಅತಿ ಆಸೆ..." ಮೊದಮೊದಲು ಭುವ್ವಿ ಹೌದೆಂದುಬಿಡುತ್ತಿದ್ದಳು. ಕತೆಯಲ್ಲಿ ಸಾಹುಕಾರ ಬಾವಿಗೆ ಬೀಳದಿದ್ದರೂ ಅಜ್ಜ ಬೀಳಿಸಿದ ಮೇಲೆ ಬಿದ್ದಂತೆಯೇ ಲೆಕ್ಕ. ಒಂದು ಸಂಜೆ ಮಾತ್ರ ಅವಳು ಪುಸ್ತಕದ ಮೇಲೆ ಕೈಯಿಟ್ಟು, "ಇಲ್ಲ" ಎಂದಳು. ಸಣ್ಣ ಧ್ವನಿ. ಅಜ್ಜನಿಗೆ ಎದುರಾಡಿ ಗೊತ್ತಿಲ್ಲದ ಹುಡುಗಿ. "ಬೀಳಂಗಿಲ್ಲ. ಬಾವಿ ಮುಚ್ಚಸ್ತಾನ."

ಶ್ರೀಶೈಲಪ್ಪನವರು ಎದ್ದು ಹೊರಗೆ ಹೋದರು. ಅವತ್ತು ಊಟಕ್ಕೆ ಕರೆದರೂ ಒಳಗೆ ಬರಲಿಲ್ಲ. ನಾನು ನೀರು ತರಲು ಹೊರಬಂದಾಗ ಅಂಗಳದ ಬೇವಿನ ಗಿಡದ ಸುತ್ತ ಸುತ್ತುತ್ತಿದ್ದರು.

"ಸಿಟ್ಟು ಬಂತೇನ್ರಿ?" ಎಂದೆ.

"ಸಿಟ್ಟಲ್ರಿ ಅಕ್ಕೋರ." ಎರಡು ಸುತ್ತು ಹಾಕಿ ಮತ್ತೆ ನನ್ನ ಮುಂದೆ ಬಂದರು. "ಆಕಿ ತಾನ ತಿಳಕೊಂಡ್ಳು ಅಂದ್ರ ನಾ ಯಾತಕ್ಕ ಬೇಕು? ಹೊಲ ಮಗಾ ನೋಡ್ತಾನ. ಮನಿ ಸೊಸಿ ನೋಡ್ತಾಳ. ನನಗ ಇದೊಂದ ಬರೂದು."

ಪಾಪ ಎನಿಸಿತು. ಆ ಮನುಷ್ಯನನ್ನು ಎಷ್ಟು ಬೈದಿದ್ದೆನೋ ಅಷ್ಟೂ ಪ್ರೀತಿ ಆ ಹೊತ್ತಿಗೆ ಬಂತು. ಮರುದಿನ ಸಂಜೆ ಯಾರೂ ಹೇಳದೆಯೇ ಅವರು ಟಾವೆಲು ಹೆಗಲಿಗೆ ಹಾಕಿ ಯಾಕೂಬಸಾಬರ ಅಂಗಡಿಗೆ ಹೊರಟರು. ಬಂದ ಮೇಲೆ, "ಬಾವಿ ಮುಚ್ಚಿಸಿ ಏನ್ ಮಾಡಿದಾ ಅಂವಾ?" ಎಂದು ಕೇಳಿದರು.

ಸಂಕ್ರಾಂತಿ ಹೊತ್ತಿಗೆ ಭುವ್ವಿಯ ತುಟಿ ಅಲುಗುವುದು ನಿಂತಿತ್ತು. ಆದರೆ ನೆಮ್ಮದಿ ಇರಲಿಲ್ಲ. ಮನೆಯಲ್ಲಿ ಕತೆ ಹೇಳುವ ಹುಡುಗಿ ಶಾಲೆಯಲ್ಲಿ ಪರೀಕ್ಷೆ ಎಂದ ಕೂಡಲೇ ಹಳೆಯ ಹುಡುಗಿಯಾಗುತ್ತಿದ್ದಳು. ಪೂರ್ಣವಿರಾಮಕ್ಕೆ ನಿಂತು, ಕಣ್ಣೆತ್ತಿ, ಯಾರನ್ನೋ ಹುಡುಕುವಳು. ಪರೀಕ್ಷೆಗೆ ವಾರವಿದ್ದಾಗ ನಾನು ಕೊಟ್ಟ ಮಾದರಿ ಪತ್ರಿಕೆಯಲ್ಲಿ ಅರ್ಧ ಖಾಲಿ ಬಿಟ್ಟಳು. ವಿಜಯಲಕ್ಷ್ಮಿಗೆ ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಶ್ರೀಶೈಲಪ್ಪನವರು ನನ್ನ ಮುಖ ನೋಡಿಯೇ ತಿಳಿದುಕೊಂಡು ಟಾವೆಲನ್ನು ಹಿಂಡಿ ಹಿಂಡಿ ಹಗ್ಗ ಮಾಡಿದರು.

ಪರೀಕ್ಷೆ ಸಿಂದಗಿಯಲ್ಲಿ. ತಾಯಿ, ಅಜ್ಜ, ನಾನು, ಮೂವರೂ ಹೋದೆವು. ಬಸ್ಸಿನಲ್ಲಿ ಶ್ರೀಶೈಲಪ್ಪನವರು ಯಾರಿಗೂ ಯಾವ ಅರ್ಥವನ್ನೂ ಹೇಳಲಿಲ್ಲ. ಗೇಟಿನ ಹತ್ತಿರ ಮೊಮ್ಮಗಳ ತಲೆ ಸವರಿ ಬಾಯಿ ತೆರೆದರು, ಮತ್ತೆ ಮುಚ್ಚಿದರು. ಭುವ್ವಿ ಒಳಗೆ ಹೋದಳು. ಹೊರಗೆ ಗಿಡದ ನೆರಳಲ್ಲಿ ತಂದೆ ತಾಯಿಯರ ಜಾತ್ರೆ. ಕೆಲವರು ಬುತ್ತಿ ಬಿಚ್ಚಿದ್ದರು, ಕೆಲವರು ಫೋನಿನಲ್ಲಿ ಮುಳುಗಿದ್ದರು. ವಿಜಯಲಕ್ಷ್ಮಿ ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದಳು. ಶ್ರೀಶೈಲಪ್ಪನವರು ಗೇಟಿನಿಂದ ರಸ್ತೆಗೆ, ರಸ್ತೆಯಿಂದ ಗೇಟಿಗೆ. ಬಿಸಿಲು ಆಗಲೇ ಸುಡಲು ಹತ್ತಿತ್ತು. ಕಾವಲುಗಾರ ಬೇಸತ್ತು, "ಕುಂದ್ರಿ ಯಜಮಾನ್ರ, ನೀವು ತಿರುಗಿದ್ರ ಗಡಿಯಾರ ತಿರಗಂಗಿಲ್ಲ" ಎಂದ. ನಾನೂ ಏನು ಕಡಿಮೆ? ಉಗುರು ಕಚ್ಚಿ ಕಚ್ಚಿ ಬೆರಳು ಉರಿಯುತ್ತಿತ್ತು. ಅವಳು ಈಗ ಆ ಗದ್ಯಕ್ಕೆ ಬಂದಿರಬಹುದು, ಈಗ ನಿಂತಿರಬಹುದು, ಈಗ ಕಣ್ಣೆತ್ತಿರಬಹುದು ಎಂದು ಮನಸ್ಸು ಹಾಳು ಲೆಕ್ಕ ಹಾಕುತ್ತಿತ್ತು.

ಗಂಟೆ ಹೊಡೆಯಿತು. ಮಕ್ಕಳ ಹಿಂಡಿನಲ್ಲಿ ಭುವ್ವಿ ಬಂದಳು. ಮುಖದಲ್ಲಿ ಏನೂ ಕಾಣಿಸುತ್ತಿರಲಿಲ್ಲ. ತಾಯಿ ನೀರಿನ ಬಾಟಲಿ ಕೊಟ್ಟಳು. ಅಜ್ಜನೇ ಕೇಳಿದರು.

"ಕತಿ ಏನಿತ್ತು?"

ಅವಳು ನೀರು ಕುಡಿದು, ಬಾಯಿ ಒರೆಸಿಕೊಂಡು ಹೇಳಿದಳು. "ಒಬ್ಬಾಕಿ ಸಂತ್ಯಾಗ ತನ್ನ ಆಡು ಮಾರಿ ಮನಿಗೆ ಬರ್ತಾಳ. ಬಂದು ನೋಡಿದ್ರ ಆ ಆಡು ಆಕೀಗಿಂತ ಮದಲ ಬಂದು ಬಾಗಲ್ದಾಗ ನಿಂತಿರ್ತೈತಿ. ಕೊಂಡಾಂವನ ಕೈ ತಪ್ಪಿಸ್ಕೊಂಡು ಬಂದಿರ್ತೈತಿ. ಆಕಿ ಅದನ್ನ ಹಿಡಕೊಂಡು ತಿರುಗಿ ಕೊಡಾಕ ಹೊಂಡ್ತಾಳ. ಪ್ರಶ್ನೆ ಏನಂದ್ರ, ಆಕಿ ದಾರ್ಯಾಗ ಯಾಕ ಸಾವಕಾಶ ನಡದ್ಳು? ಕಾಲು ನೋವು, ಬಿಸಿಲು, ಆಡು ಕುಂಟತಿತ್ತು, ಕೊಡಾಕ ಮನಸಿರಲಿಲ್ಲ. ನಾಲ್ಕರಾಗ ಒಂದು."

"ಬಿಸಿಲು" ಎಂದರು ಶ್ರೀಶೈಲಪ್ಪ, ತಕ್ಷಣ. "ಸಂತಿಗೆ ಹೋಗಿ ಬಂದ ಹೆಣಮಗಳು, ಮತ್ತ ಅಷ್ಟ ದೂರ. ಬಿಸಿಲ ಇರಬೇಕು. ಹೌದಿಲ್ಲೋ?"

"ಅಲ್ಲ ಮುತ್ಯಾ. ಕೊಡಾಕ ಮನಸಿರಲಿಲ್ಲ."

"ಹಂಗಂತ ಅದರಾಗ ಬರದಿತ್ತೇನು?"

"ಬರದಿರಲಿಲ್ಲ."

"ಮತ್ತ ನಿನಗ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಆಕಿ ಹಳ್ಳದಾಗ ಒಮ್ಮಿ ಆಡಿಗೆ ನೀರು ಕುಡಸ್ತಾಳ. ಸ್ವಲ್ಪ ಮುಂದ ಹೋಗಿ ಬಾವ್ಯಾಗಿಂದ ಸೇದಿ ಮತ್ತ ಕುಡಸ್ತಾಳ. ಅಷ್ಟರಾಗ ಅದಕ್ಕ ಎಲ್ಲಿ ನೀರಡಿಕಿ ಆಗಿರ್ತೈತಿ ಮುತ್ಯಾ? ಸುಮ್ಮ ನಿಂದ್ರಾಕ ನೆವ ಅದು."

ನನಗೆ ಕಣ್ಣು ತುಂಬಿ ಬಂತು. ಆ ಹಾಳು ಪರೀಕ್ಷೆಯ ಉಳಿದ ಪ್ರಶ್ನೆ ಏನಾದರೂ ಆಗಲಿ ಎನಿಸಿತು. ಫಲಿತಾಂಶ ಬರಲು ಇನ್ನೂ ದಿನಗಳಿದ್ದವು. ಆದರೆ ಇವಳಿಗೆ ಸೀಟು ಸಿಗುತ್ತದೆ, ಇವಳು ಹೋಗುತ್ತಾಳೆ ಎಂದು ಅಲ್ಲಿ ನಿಂತ ನಾಲ್ವರಿಗೂ ಆಗಲೇ ತಿಳಿಯಿತು. ವಿಜಯಲಕ್ಷ್ಮಿ ಮಗಳನ್ನು ಬಿಗಿಯಾಗಿ ಅಪ್ಪಿಕೊಂಡಳು. ಶ್ರೀಶೈಲಪ್ಪನವರು ಮೊಮ್ಮಗಳನ್ನೇ ನೋಡುತ್ತಾ ನಿಂತಿದ್ದರು. ಅವರ ಕೈ ಟಾವೆಲಿನ ಕಡೆ ಹೋಗಲಿಲ್ಲ.

ಬಸ್‌ಸ್ಟ್ಯಾಂಡಿಗೆ ಹೊರಟೆವು. ಮೋರಟಗಿ ಬಸ್ಸು ಬಿಡುವ ಹೊತ್ತಾಗಿತ್ತು. ನಾನು ಬಿರುಸಾಗಿ ಮುಂದೆ ನಡೆದು, ತಿರುಗಿ ನೋಡಿದರೆ ಶ್ರೀಶೈಲಪ್ಪನವರು ಬಹಳ ಹಿಂದೆ ಉಳಿದಿದ್ದರು. ಒಂದು ಅಂಗಡಿಯ ಮುಂದೆ ನಿಂತು ಚಪ್ಪಲಿಯೊಳಗಿನ ಹರಳು ಕೊಡವಿದರು. ನಾಲ್ಕು ಹೆಜ್ಜೆ ಬಂದು ಮತ್ತೆ ನಿಂತು ಇನ್ನೊಂದು ಚಪ್ಪಲಿ ಕೊಡವಿದರು.

"ಮಾವಾರಿಗೆ ಕಾಲು ನೋಯಾಕತ್ತಾವ ಏನೋ. ಆಟೋ ಕರೀಲೇನ್ರಿ?" ಎಂದಳು ವಿಜಯಲಕ್ಷ್ಮಿ.

ಭುವ್ವಿ ಹಿಂದೆ ತಿರುಗಿ ಅಜ್ಜನನ್ನು ಸ್ವಲ್ಪ ಹೊತ್ತು ನೋಡಿದಳು.

"ಕಾಲು ನೋವಲ್ಲವ್ವಾ" ಎಂದಳು. ವಾಪಸ್ಸು ಹೋಗಿ ಅವರ ಕೈ ಹಿಡಿದುಕೊಂಡಳು. ಅವರು ಇಟ್ಟಷ್ಟೇ ಸಣ್ಣ ಹೆಜ್ಜೆ ಇಡುತ್ತಾ ಜೊತೆಗೆ ಬಂದಳು.

"ಲಗೂನ ಬರ್ರಿ, ಬಸ್ ತಪ್ಪತೈತಿ!" ಎಂದು ನಾನು ಕೂಗಿದೆ.

"ಮುಂದಿನ ಬಸ್ಸಿಗೆ ಹೋಗೂಣ್ರಿ ಅಕ್ಕೋರ" ಎಂದಳು ಭುವ್ವಿ.

ನಾವು ಮುಂದಿನ ಬಸ್ಸಿಗೆ ಹೋದೆವು.